ಕೋರ್ಸ್ ಆಮೇಲೆ ನೋಡೋಣ, ಮೊದಲು ಕೈಗೆ ಬೇಸರ ತರುವ ಕೆಲಸ ಹಿಡಿಯಿರಿ

ಪ್ರಶ್ನೆ: ಆಫೀಸಿನಲ್ಲಿ ತುಂಬಾ ವರ್ಷಗಳಿಂದ ಕಂಪ್ಯೂಟರ್ ಬಳಸುತ್ತಿದ್ದೇನೆ. ವರ್ಡ್, ಎಕ್ಸೆಲ್, ಇಮೇಲ್, ಬ್ರೌಸರ್, ಇಷ್ಟೇ ನನ್ನ ಪ್ರಪಂಚ. ಕೆಲಸವೇನೋ ನಡೆಯುತ್ತದೆ. ಆದರೆ ನಾನು ಅರ್ಧ ಗಂಟೆ ಒದ್ದಾಡುವುದನ್ನು ಪಕ್ಕದ ಸೀಟಿನ ಹುಡುಗಿ ಎರಡು ನಿಮಿಷದಲ್ಲಿ ಮುಗಿಸಿ ಏಳುತ್ತಾಳೆ. ಯೂಟ್ಯೂಬ್ ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗಿರುತ್ತದೆ, ಮರುದಿನ ಏನೂ ನೆನಪಿರುವುದಿಲ್ಲ. ಮನೆಯ ಲ್ಯಾಪ್‌ಟಾಪ್ ಬೇರೆ ತುಂಬಾ ಸ್ಲೋ ಆಗಿದೆ. ಕಂಪ್ಯೂಟರ್ ಸ್ವಚ್ಛ ಮಾಡಿ ವೇಗ ಹೆಚ್ಚಿಸುತ್ತೇವೆ ಎನ್ನುವ ಕ್ಲೀನರ್ ಪ್ರೋಗ್ರಾಂ ಹಾಕಿಕೊಳ್ಳಬಹುದೇ? ಉಚಿತ ಸಾಫ್ಟ್‌ವೇರ್‌ಗಳನ್ನು ನಂಬಬಹುದೇ? ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೋರ್ಸ್ ಸೇರಬೇಕೇ? ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ ಎಂದು ಕೆಲವರು ಹೇಳುತ್ತಾರೆ, ಅದೂ ಬೇಕಾ?

ಉತ್ತರ: ಕೋರ್ಸ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸದ್ಯಕ್ಕೆ ಬೇಡ. ಕೋರ್ಸುಗಳೆಲ್ಲ ಕೆಟ್ಟವು ಅಂತಲ್ಲ. ಅವು ಸಾಫ್ಟ್‌ವೇರ್‌ನ ಮೆನು ಇರುವ ಕ್ರಮದಲ್ಲಿ ಪಾಠ ಹೇಳುತ್ತವೆ. ನಿಮ್ಮ ಕೆಲಸ ಆ ಕ್ರಮದಲ್ಲಿ ಇರುವುದಿಲ್ಲ. ಎಕ್ಸೆಲ್‌ನಲ್ಲಿ ನೂರಾರು ಫಾರ್ಮುಲಾಗಳಿವೆ. ನಿಮಗೆ ದಿನಾ ಬೇಕಾಗುವುದು ಅದರಲ್ಲಿ ಎಂಟೋ ಹತ್ತೋ. ಯಾವ ಹತ್ತು ಅನ್ನುವುದನ್ನು ಕೋರ್ಸ್ ಮಾಡಿದವರು ಹೇಳಲಾರರು, ನಿಮ್ಮ ಕೈ ಹೇಳುತ್ತದೆ.

ಅದಕ್ಕೇ ಒಂದು ವಾರ ಹೀಗೆ ಮಾಡಿ. ಕೀಬೋರ್ಡ್ ಪಕ್ಕ ಒಂದು ಹಾಳೆ ಇಟ್ಟುಕೊಳ್ಳಿ. ಕೆಲಸ ಮಾಡುವಾಗ "ಅಯ್ಯೋ, ಮತ್ತೆ ಇದೇನಾ" ಅನ್ನಿಸಿದ ಕೂಡಲೇ ಒಂದು ಸಾಲು ಬರೆಯಿರಿ. "ಇಮೇಲ್‌ನಿಂದ ಐದು ವಿಷಯ ಒಂದೊಂದಾಗಿ ಕಾಪಿ ಮಾಡಿದೆ." "ಹೋದ ತಿಂಗಳ ಫೈಲ್ ಹುಡುಕಿದೆ." "ಒಂದು ಪ್ಯಾರಾ ಸೇರಿಸಿದ್ದಕ್ಕೆ ಹೆಡಿಂಗ್ ನಂಬರ್ ಎಲ್ಲ ಕೈಯಲ್ಲಿ ತಿದ್ದಿದೆ." ವಾರದ ಕೊನೆಗೆ ಯಾವ ಸಾಲು ಜಾಸ್ತಿ ಸಲ ಬಂದಿದೆಯೋ ಅದೇ ನಿಮ್ಮ ಮೊದಲ ಪಾಠ. ಪಕ್ಕದ ಸೀಟಿನ ಹುಡುಗಿಗೂ ಎಲ್ಲ ಬರುವುದಿಲ್ಲ, ನಂಬಿ. ತನ್ನ ಕೆಲಸಕ್ಕೆ ಬೇಕಾದ ನಾಲ್ಕು ದಾರಿ ಅವಳಿಗೆ ಗೊತ್ತಿದೆ, ಅಷ್ಟೇ.

ನಿಮ್ಮ ಹಾಳೆಯಲ್ಲಿ ಏನು ಬರಬಹುದು ಅಂತ ಸ್ವಲ್ಪ ಊಹಿಸಬಲ್ಲೆ. ಎಲ್ಲರ ಹಾಳೆಯಲ್ಲೂ ಕಾಪಿ-ಪೇಸ್ಟ್ ಇದ್ದೇ ಇರುತ್ತದೆ. ಒಂದು ಕಡೆ ಹೋಗಿ ಕಾಪಿ, ಇನ್ನೊಂದು ಕಡೆ ಬಂದು ಪೇಸ್ಟ್, ಮತ್ತೆ ವಾಪಸ್. ವಿಂಡೋಸ್‌ನಲ್ಲಿ 2018ರಿಂದ ಇದಕ್ಕೆ ಉಪಾಯ ಇದೆ. ವಿಂಡೋಸ್ ಕೀ ಹಿಡಿದು ವಿ ಒತ್ತಿ. ಮೊದಲ ಸಲ "ಆನ್ ಮಾಡಲೇ" ಎಂದು ಕೇಳುತ್ತದೆ, ಹೂಂ ಅನ್ನಿ. ಅಲ್ಲಿಂದ ಮುಂದೆ ನೀವು ಕಾಪಿ ಮಾಡಿದ ಕೊನೆಯ 25 ಸಂಗತಿಗಳು ಒಂದು ಪಟ್ಟಿಯಾಗಿ ಉಳಿಯುತ್ತವೆ. ಐದನ್ನೂ ಒಂದಾದ ಮೇಲೊಂದು ಕಾಪಿ ಮಾಡಿಕೊಂಡು ಬಂದು ಪಟ್ಟಿಯಿಂದ ಒಂದೊಂದೇ ಕ್ಲಿಕ್ ಮಾಡಿ ಹಾಕಬಹುದು. ಪದೇ ಪದೇ ಬಳಸುವ ವಿಳಾಸವನ್ನೋ ಉತ್ತರದ ಒಕ್ಕಣೆಯನ್ನೋ ಪಿನ್ ಮಾಡಿಟ್ಟರೆ ರೀಸ್ಟಾರ್ಟ್ ಆದರೂ ಹೋಗುವುದಿಲ್ಲ. ಪಿನ್ ಮಾಡದವು ಹೋಗುತ್ತವೆ. ಒಂದು ಎಚ್ಚರಿಕೆ: ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಆ ಪಟ್ಟಿಯಲ್ಲಿ ಕೂರಬಹುದು. ಬೇರೆಯವರೂ ಬಳಸುವ ಕಂಪ್ಯೂಟರ್ ಆದರೆ ಕೆಲಸ ಮುಗಿದ ಮೇಲೆ "ಕ್ಲಿಯರ್ ಆಲ್" ಒತ್ತಿಬಿಡಿ.

ಇದರ ಜೋಡಿ ಇನ್ನೊಂದಿದೆ. ವೆಬ್‌ಸೈಟಿನಿಂದ ಕಾಪಿ ಮಾಡಿದರೆ ಅಲ್ಲಿನ ಬಣ್ಣ, ಫಾಂಟ್, ಲಿಂಕ್ ಎಲ್ಲ ಜೊತೆಗೇ ಅಂಟಿಕೊಂಡು ಬರುತ್ತದೆ ಅಲ್ವಾ? ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಬರೀ ಅಕ್ಷರ ಮಾತ್ರ ಬರುತ್ತದೆ. ಬ್ರೌಸರ್‌ಗಳಲ್ಲಿ, ಗೂಗಲ್ ಡಾಕ್ಸ್‌ನಲ್ಲಿ, ಹೊಸ ವರ್ಡ್‌ನಲ್ಲಿ ಇದು ನಡೆಯುತ್ತದೆ. ಹಳೆಯ ವರ್ಡ್ ಆದರೆ ರೈಟ್ ಕ್ಲಿಕ್ ಮಾಡಿ "ಕೀಪ್ ಟೆಕ್ಸ್ಟ್ ಓನ್ಲಿ" ಆರಿಸಿ.

ಸ್ಕ್ರೀನಿನ ಒಂದು ಭಾಗದ ಫೋಟೋ ಬೇಕೆಂದರೆ ವಿಂಡೋಸ್, ಶಿಫ್ಟ್, ಎಸ್. ತಪ್ಪಿ ಮುಚ್ಚಿದ ಬ್ರೌಸರ್ ಟ್ಯಾಬ್ ವಾಪಸ್ ಬೇಕೆಂದರೆ ಕಂಟ್ರೋಲ್, ಶಿಫ್ಟ್, ಟಿ. ಸೀಟು ಬಿಟ್ಟು ಏಳುವಾಗ ವಿಂಡೋಸ್, ಎಲ್. ಎರಡು ಕಿಟಕಿಗಳನ್ನು ಅಕ್ಕಪಕ್ಕ ಕೂರಿಸಲು ವಿಂಡೋಸ್ ಕೀ ಜೊತೆ ಎಡ ಅಥವಾ ಬಲ ಬಾಣ. "ನೂರು ಶಾರ್ಟ್‌ಕಟ್‌ಗಳು" ಅನ್ನುವ ಪಟ್ಟಿಗಳನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಡಿ. ಯಾರೂ ಅದನ್ನು ಓದುವುದಿಲ್ಲ. ವಾರಕ್ಕೆ ಎರಡು ಸಾಕು, ಅದೂ ನಿಮ್ಮ ಹಾಳೆಯಲ್ಲಿ ಬಂದ ಕೆಲಸಕ್ಕೆ ಆಗಿಬರುವಂಥವು.

ಇನ್ನು ಎಕ್ಸೆಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಲ್ಲಿ ಸಮಯ ಹೋಗುವುದಕ್ಕಿಂತ ಮಾಹಿತಿ ಹಾಳಾಗುವುದು ದೊಡ್ಡ ತಲೆನೋವು.

ಒಂದು ಖಾಲಿ ಶೀಟ್ ತೆರೆದು ಯಾವುದಾದರೂ ಸೆಲ್‌ನಲ್ಲಿ 00457 ಎಂದು ಟೈಪ್ ಮಾಡಿ ಎಂಟರ್ ಒತ್ತಿ. 457 ಮಾತ್ರ ಉಳಿಯುತ್ತದೆ. ಈಗ 1234567890123456 ಎಂದು ಹದಿನಾರು ಅಂಕಿ ಹೊಡೆಯಿರಿ. ಮೊದಲು ಅದು ಇ ಅಕ್ಷರ, ಪ್ಲಸ್ ಗುರುತು ಇರುವ ಏನೋ ಒಂದಾಗಿ ಕಾಣುತ್ತದೆ. ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ನೋಡಿ. ಕೊನೆಯ 6 ಹೋಗಿ 0 ಆಗಿರುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ. ಅದಕ್ಕಿಂತ ಉದ್ದ ಇದ್ದರೆ ಉಳಿದವು ಸೊನ್ನೆ. ಖಾತೆ ಸಂಖ್ಯೆ, ಕಾರ್ಡ್ ಸಂಖ್ಯೆ, ಸೀರಿಯಲ್ ನಂಬರ್ ಇರುವ ಫೈಲ್ ಹೀಗೆ ಒಮ್ಮೆ ಸೇವ್ ಆದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. ಆಮೇಲೆ ಕಾಲಂನ ಫಾರ್ಮ್ಯಾಟ್ ಬದಲಿಸಿದರೂ ಪ್ರಯೋಜನವಿಲ್ಲ.

ಪರಿಹಾರ ಸುಲಭ, ಆದರೆ ಮೊದಲೇ ಮಾಡಬೇಕು. ಟೈಪ್ ಮಾಡುವ ಮುಂಚೆ ಆ ಕಾಲಂ ಆರಿಸಿ, ಹೋಮ್ ಟ್ಯಾಬ್‌ನಲ್ಲಿ "ಜನರಲ್" ಎಂದು ಇರುವುದನ್ನು "ಟೆಕ್ಸ್ಟ್" ಮಾಡಿ. ಕೂಡಿಸಿ ಕಳೆಯಲು ಬಳಸದ ಯಾವ ಸಂಖ್ಯೆಯೂ ಎಕ್ಸೆಲ್ ಪಾಲಿಗೆ ಟೆಕ್ಸ್ಟ್ ಆಗಿರಲಿ. ಫೋನ್ ನಂಬರ್‌ಗಳನ್ನು ಯಾರೂ ಕೂಡುವುದಿಲ್ಲವಲ್ಲ. ಸಿಎಸ್‌ವಿ ಫೈಲ್ (ಅಲ್ಪವಿರಾಮಗಳಿಂದ ಕಾಲಂ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಬಂದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ತೆರೆಯುವಾಗಲೇ ಎಕ್ಸೆಲ್ ತನಗೆ ತೋಚಿದಂತೆ ಬದಲಿಸಿಬಿಡುತ್ತದೆ. ಖಾಲಿ ಶೀಟ್ ತೆರೆದು, ಡೇಟಾ ಟ್ಯಾಬ್‌ನಲ್ಲಿ "ಫ್ರಮ್ ಟೆಕ್ಸ್ಟ್" ಮೂಲಕ ತನ್ನಿ. ಅಲ್ಲಿ ಡೇಟಾ ಟೈಪ್ ಗುರುತಿಸುವುದು ಬೇಡ ಎನ್ನುವ ಆಯ್ಕೆ ಇದೆ.

ದಿನಾಂಕದ ಕಥೆಯೂ ಇದೇ. ವಿಜ್ಞಾನಿಗಳನ್ನೂ ಎಕ್ಸೆಲ್ ಬಿಟ್ಟಿಲ್ಲ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಮನುಷ್ಯರ ಜೀನ್‌ಗಳಿದ್ದವು. ಟೈಪ್ ಮಾಡಿದಾಗಲೆಲ್ಲ ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿತ್ತು, ಸಂಶೋಧನಾ ಪ್ರಬಂಧಗಳಲ್ಲೂ ತಪ್ಪು ನುಸುಳುತ್ತಿತ್ತು. ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಇಂಥ ಹೆಸರುಗಳ ವಿಷಯದಲ್ಲಿ ಹೊಸ ಮಾರ್ಗಸೂಚಿ ತಂದಿತು, ಜೀನ್‌ಗಳ ಹೆಸರನ್ನೇ ಬದಲಾಯಿಸಿದರು! ಎಕ್ಸೆಲ್‌ನಲ್ಲಿ ಈ ಆಟೊಮ್ಯಾಟಿಕ್ ಬದಲಾವಣೆಯನ್ನು ನಿಲ್ಲಿಸುವ ಆಯ್ಕೆ ಬಂದದ್ದು 2023ರಲ್ಲಿ. ನಿಮ್ಮದು ಹೊಸ ಆವೃತ್ತಿಯಾದರೆ ಫೈಲ್, ಆಪ್ಷನ್ಸ್, ಡೇಟಾ ಅನ್ನುವಲ್ಲಿ ನೋಡಿ.

ಸಮಯ ಉಳಿಸುವ ಎಕ್ಸೆಲ್ ವಿದ್ಯೆಗಳಲ್ಲಿ ಎರಡೇ ಎರಡು ಹೇಳುತ್ತೇನೆ. ಮೊದಲನೆಯದು ಫ್ಲ್ಯಾಶ್ ಫಿಲ್. ಒಂದು ಕಾಲಂನಲ್ಲಿ ಇನ್ನೂರು ಇಮೇಲ್ ವಿಳಾಸಗಳಿವೆ, ಅದರಲ್ಲಿ ಅಟ್ (@) ಗುರುತಿಗಿಂತ ಮೊದಲಿನ ಭಾಗ ಮಾತ್ರ ಬೇಕು ಅಂದುಕೊಳ್ಳಿ. ಪಕ್ಕದ ಕಾಲಂನಲ್ಲಿ ಮೊದಲನೆಯದನ್ನು ನೀವೇ ಟೈಪ್ ಮಾಡಿ ಎಂಟರ್ ಒತ್ತಿ, ಕೆಳಗಿನ ಸೆಲ್‌ನಲ್ಲಿ ಕಂಟ್ರೋಲ್ ಮತ್ತು ಇ ಒತ್ತಿ. ಉಳಿದ 199 ತಾನೇ ತುಂಬಿಕೊಳ್ಳುತ್ತದೆ. ಹೆಸರು ಬೇರ್ಪಡಿಸಲು, ಎರಡು ಕಾಲಂ ಜೋಡಿಸಲು, ಫೋನ್ ನಂಬರ್ ನಡುವೆ ಗೆರೆ ಹಾಕಲು ಎಲ್ಲಕ್ಕೂ ಆಗುತ್ತದೆ. 2013ರ ಎಕ್ಸೆಲ್‌ನಿಂದ ಇದೆ. ಆದರೆ ಇದು ಫಾರ್ಮುಲಾ ಅಲ್ಲ. ಮೂಲ ವಿಳಾಸ ಆಮೇಲೆ ಬದಲಾದರೆ ಇದು ಬದಲಾಗುವುದಿಲ್ಲ. ಊಹೆ ಒಮ್ಮೊಮ್ಮೆ ದಾರಿ ತಪ್ಪುವುದೂ ಉಂಟು, ಅದಕ್ಕೇ ಮೇಲೆ, ನಡುವೆ, ಕೊನೆಯಲ್ಲಿ ಒಂದಿಷ್ಟು ಸಾಲು ಕಣ್ಣಾಡಿಸಿ.

ಎರಡನೆಯದು ಕಂಟ್ರೋಲ್ ಮತ್ತು ಟಿ. ಮಾಹಿತಿಯ ನಡುವೆ ಎಲ್ಲಾದರೂ ಕ್ಲಿಕ್ ಮಾಡಿ ಇದನ್ನು ಒತ್ತಿದರೆ ಅದು ನಿಜವಾದ ಟೇಬಲ್ ಆಗುತ್ತದೆ. ಕೆಳಗೆ ಹೊಸ ಸಾಲು ಸೇರಿಸಿದರೆ ಫಾರ್ಮುಲಾ ತಾನೇ ಇಳಿಯುತ್ತದೆ. ಕೆಳಗೆ ಸ್ಕ್ರೋಲ್ ಮಾಡಿದರೂ ಕಾಲಂ ಹೆಸರು ಮೇಲೇ ಕಾಣುತ್ತಿರುತ್ತದೆ. ಫಿಲ್ಟರ್ ಬಂದೇ ಇರುತ್ತದೆ. ಬಣ್ಣ ಬಣ್ಣದ ಪಟ್ಟಿ ಇಷ್ಟವಾಗದಿದ್ದರೆ ತೆಗೆಯಬಹುದು, ಟೇಬಲ್ ಮಾತ್ರ ಬಿಡಬೇಡಿ.

ವರ್ಡ್‌ನಲ್ಲಿ ಒಂದೇ ಮಾತು: ಹೆಡಿಂಗ್‌ಗಳನ್ನು ಬೋಲ್ಡ್ ಮಾಡಿ ಅಕ್ಷರ ದಪ್ಪ ಮಾಡುವುದನ್ನು ಬಿಟ್ಟು, "ಹೆಡಿಂಗ್ 1", "ಹೆಡಿಂಗ್ 2" ಸ್ಟೈಲ್ ಬಳಸಿ. ಪರಿವಿಡಿ ತಾನೇ ತಯಾರಾಗುತ್ತದೆ, ನಂಬರ್ ಪಟ್ಟಿಯನ್ನು ಈ ಸ್ಟೈಲ್‌ಗಳಿಗೆ ಜೋಡಿಸಿದರೆ ನಂಬರ್ ತಾನೇ ತಿದ್ದಿಕೊಳ್ಳುತ್ತದೆ, ಅರವತ್ತು ಪುಟದ ವರದಿಯಲ್ಲೂ ಬೇಕಾದ ಕಡೆಗೆ ಒಂದು ಕ್ಲಿಕ್‌ನಲ್ಲಿ ಹಾರಬಹುದು. ಹೊಸ ಪುಟ ಬೇಕೆಂದು ಎಂಟರ್ ಒತ್ತುತ್ತಾ ಹೋಗುವ ಅಭ್ಯಾಸ ಇದ್ದರೆ ಅದಕ್ಕೆ ಕಂಟ್ರೋಲ್ ಮತ್ತು ಎಂಟರ್ ಇದೆ.

ಫೈಲ್ ಹುಡುಕುವ ಕಷ್ಟಕ್ಕೆ "ಎವೆರಿಥಿಂಗ್" ಎಂಬ ಪುಟ್ಟ ಉಚಿತ ಪ್ರೋಗ್ರಾಂ ಇದೆ. ಹೆಸರಿನ ಎರಡಕ್ಷರ ಹೊಡೆಯುವಷ್ಟರಲ್ಲಿ ಇಡೀ ಡಿಸ್ಕ್‌ನ ಫೈಲ್‌ಗಳು ಎದುರಿಗೆ ಬರುತ್ತವೆ. ಫೋಲ್ಡರ್‌ಗಳನ್ನು ಒಂದೊಂದಾಗಿ ಜಾಲಾಡುವ ಬದಲು ಡಿಸ್ಕ್ ತಾನೇ ಇಟ್ಟುಕೊಂಡಿರುವ ಫೈಲ್ ಪಟ್ಟಿಯನ್ನು ಅದು ನೇರವಾಗಿ ಓದುತ್ತದೆ, ಆ ವೇಗಕ್ಕೆ ಅದೇ ಕಾರಣ. ಫೈಲ್ ಹೆಸರಿನ ಮೊದಲಲ್ಲಿ ತಾರೀಖು ಹಾಕುವವರಾದರೆ ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ ಹಾಕಿ, 2025-03-14 ಹೀಗೆ. ಹೆಸರಿನ ಪ್ರಕಾರ ಜೋಡಿಸಿದರೆ ಸಾಕು, ಕಾಲದ ಕ್ರಮದಲ್ಲೇ ಬಂದು ನಿಲ್ಲುತ್ತವೆ. "ಫೈನಲ್", "ಫೈನಲ್ ನಿಜವಾಗಿ", "ಫೈನಲ್ ಕೊನೇದು" ಅನ್ನುವ ಹೆಸರುಗಳ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ.

ಈಗ ಲ್ಯಾಪ್‌ಟಾಪ್. ಕ್ಲೀನರ್ ಹಾಕಿಕೊಳ್ಳಬೇಡಿ. ರಿಜಿಸ್ಟ್ರಿ ಕ್ಲೀನರ್‌ಗಳ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಡುವ ಜಾಗಕ್ಕೆ ಕೈಹಾಕುವ ಪ್ರೋಗ್ರಾಂಗಳ) ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ರ್‍ಯಾಮ್ ಬೂಸ್ಟರ್‌ಗಳು ಮೆಮೊರಿ ಖಾಲಿ ಮಾಡಿ ತೋರಿಸುತ್ತವೆ, ಖಾಲಿ ಮಾಡಿದ್ದನ್ನೇ ವಿಂಡೋಸ್ ಮತ್ತೆ ಡಿಸ್ಕ್‌ನಿಂದ ತರಬೇಕಾಗುತ್ತದೆ. 2017ರಲ್ಲಂತೂ ಲಕ್ಷಾಂತರ ಜನ ಬಳಸುತ್ತಿದ್ದ ಒಂದು ಹೆಸರಾಂತ ಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ ದಾಳಿಕೋರರು ಕೆಟ್ಟ ಕೋಡ್ ಸೇರಿಸಿದ್ದರು. ಕಂಪ್ಯೂಟರ್‌ನ ಮೂಲೆ ಮೂಲೆಗೂ ಕೈಹಾಕುವ ಅನುಮತಿಯನ್ನು ಯಾರಿಗೆ ಕೊಡುತ್ತಿದ್ದೇವೆ ಅಂತ ನೋಡಬೇಕಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿ. ಕೆಳಗೆ "ಅಪ್ ಟೈಮ್" ಎಂದು ಇರುತ್ತದೆ. ನೀವು ದಿನಾ ರಾತ್ರಿ ಶಟ್ ಡೌನ್ ಮಾಡುತ್ತಿದ್ದರೂ ಅಲ್ಲಿ ಹದಿನೈದು ದಿನ, ಇಪ್ಪತ್ತು ದಿನ ಅಂತ ತೋರಿಸಬಹುದು. ಆಶ್ಚರ್ಯ ಆಗುತ್ತೆ ಅಲ್ವಾ? ವಿಂಡೋಸ್ 8ರಿಂದ "ಫಾಸ್ಟ್ ಸ್ಟಾರ್ಟಪ್" ಎಂಬುದು ಬಂದಿದೆ. ಶಟ್ ಡೌನ್ ಮಾಡಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚಿಕೊಳ್ಳುತ್ತವೆ, ಆದರೆ ವಿಂಡೋಸ್‌ನ ಒಳಭಾಗ ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಸೇವ್ ಆಗುತ್ತದೆ. ಮರುದಿನ ಅದೇ ವಾಪಸ್ ಎದ್ದು ಬರುತ್ತದೆ, ಹಳೆಯ ಗೋಜಲಿನ ಸಮೇತ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. "ಆಫ್ ಮಾಡಿ ಆನ್ ಮಾಡಿದೆ, ಸರಿಹೋಗಲಿಲ್ಲ" ಎನ್ನುವವರಿಗೆ "ರೀಸ್ಟಾರ್ಟ್ ಮಾಡಿ" ಎಂದು ಹೇಳುವುದು ಇದಕ್ಕೇ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೂ ಸಾಕು.

ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ "ಸ್ಟಾರ್ಟಪ್ ಆಪ್ಸ್" ತೆರೆಯಿರಿ. ಕಂಪ್ಯೂಟರ್ ಏಳುವಾಗಲೇ ಜೊತೆಗೆ ಏಳುವ ಪ್ರೋಗ್ರಾಂಗಳು ಅಲ್ಲಿರುತ್ತವೆ. ಮೀಟಿಂಗ್ ಆಪ್, ಹಾಡಿನ ಆಪ್, ಯಾವತ್ತೋ ಹಾಕಿದ ಪ್ರಿಂಟರ್‌ನ ಸಹಾಯಕ, ಗೇಮ್ ಲಾಂಚರ್, ಇವನ್ನೆಲ್ಲ ಡಿಸೇಬಲ್ ಮಾಡಬಹುದು. ಅಳಿಸಿಹೋಗುವುದಿಲ್ಲ, ನೀವು ಕರೆದಾಗ ಬರುತ್ತವೆ. ಆಂಟಿವೈರಸ್, ಟಚ್‌ಪ್ಯಾಡ್, ಆಡಿಯೋ ಹೆಸರಿರುವುದನ್ನು ಮುಟ್ಟಬೇಡಿ. ಜಾಗ ಸಾಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಆಮೇಲೆ ಸ್ಟೋರೇಜ್ ನೋಡಿ. ಅಲ್ಲಿನ "ಟೆಂಪರರಿ ಫೈಲ್ಸ್" ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಕೂಡ ಒಂದು ಸಾಲಾಗಿ ಇರುತ್ತದೆ, ನೆನಪಿಡಿ. ಎಲ್ಲಕ್ಕೂ ಟಿಕ್ ಹಾಕಿ ಸುಮ್ನೆ ಡಿಲೀಟ್ ಒತ್ತಿದರೆ ನಿಮ್ಮ ದಾಖಲೆಗಳೂ ಹೋಗಿಬಿಡುತ್ತವೆ.

ಇಷ್ಟೆಲ್ಲ ಮಾಡಿಯೂ ತೆವಳುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ನೋಡಿ. ಎಚ್‌ಡಿಡಿ ಎಂದಿದ್ದು, ಯಾವಾಗ ನೋಡಿದರೂ 100 ಶೇಕಡ ತೋರಿಸುತ್ತಿದ್ದರೆ ಸಾಫ್ಟ್‌ವೇರ್‌ನಿಂದ ಜಾಸ್ತಿ ಏನೂ ಆಗುವುದಿಲ್ಲ. ತಿರುಗುವ ತಟ್ಟೆಯ ಆ ಹಳೆಯ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಲ್ಯಾಪ್‌ಟಾಪಿಗೆ ಖರ್ಚು ಮಾಡಲೇಬೇಕೆಂದರೆ ನಾನು ಮೊದಲು ಖರ್ಚು ಮಾಡುವುದು ಇದಕ್ಕೇ. ನಿಮ್ಮದು ವಿಂಡೋಸ್ 10 ಆಗಿದ್ದರೆ ಇನ್ನೊಂದು ವಿಷಯ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಇದೆ, ಪೂರ್ತಿ ಉಚಿತ. ಪೆನ್ ಡ್ರೈವ್‌ಗೆ ಹಾಕಿಕೊಂಡು, ಏನನ್ನೂ ಇನ್‌ಸ್ಟಾಲ್ ಮಾಡದೆ ಓಡಿಸಿ ನೋಡಿ ಆಮೇಲೆ ತೀರ್ಮಾನ ಮಾಡಬಹುದು.

ಉಚಿತ ಸಾಫ್ಟ್‌ವೇರ್ ನಂಬಬಹುದೇ ಎಂದಿರಿ. ಯಾರು ಮಾಡಿದ್ದು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಿ ನಂಬಬೇಕು. ಓಪನ್ ಸೋರ್ಸ್ ತಂಡಗಳು ದೇಣಿಗೆಯಿಂದ, ಸ್ವಯಂಸೇವಕರಿಂದ ನಡೆಯುತ್ತವೆ, ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು. ಲಿಬ್ರೆಆಫೀಸ್ ಹಾಗೆ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು, ಅದರ ಹಿಂದೆ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಇದೆ. ಮನೆಯ ಪತ್ರ, ಲೆಕ್ಕ, ಸ್ಲೈಡ್‌ಗಳಿಗೆ ಅದು ಧಾರಾಳ ಸಾಕು. ಆಫೀಸಿನ ವರ್ಡ್ ಫೈಲ್‌ಗಳನ್ನು ಅದರಲ್ಲಿ ತೆರೆದರೆ ಸಾಲು, ಪುಟ ಒಂಚೂರು ಆಚೀಚೆ ಆಗಬಹುದು. ಅದಕ್ಕೇ ಬೇರೆಯವರಿಗೆ ಕೊನೆಯ ಪ್ರತಿ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ವಿಡಿಯೋಗೆ ವಿಎಲ್‌ಸಿ. 1996ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು, ಇವತ್ತಿಗೂ ಜಾಹೀರಾತಿಲ್ಲ. ಜಿಪ್ ಫೈಲ್‌ಗಳಿಗೆ ಸೆವೆನ್-ಜಿಪ್, ಫೋಟೋ ತಿದ್ದಲು ಗಿಂಪ್, ಧ್ವನಿ ತಿದ್ದಲು ಆಡಾಸಿಟಿ, ಸ್ಕ್ರೀನ್ ರೆಕಾರ್ಡ್ ಮಾಡಲು ಓಬಿಎಸ್. ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಕೂಡ ಉಚಿತ. ನೂರು ಫೋಟೋಗಳ ಹೆಸರನ್ನು ಒಂದೇ ಸಲ ಬದಲಿಸಲು, ಸೈಜ್ ಇಳಿಸಲು ಅದಕ್ಕಿಂತ ಸುಲಭದ್ದು ಸಿಗಲಿಕ್ಕಿಲ್ಲ.

ಅಪಾಯ ಜಾಸ್ತಿ ಇರುವುದು ಡೌನ್‌ಲೋಡ್ ಮಾಡುವ ಜಾಗದಲ್ಲಿ. ಹುಡುಕಿದಾಗ ಮೇಲೆ ಬರುವ ಮೊದಲ ಫಲಿತಾಂಶ ಎಷ್ಟೋ ಸಲ ಜಾಹೀರಾತು, ಅಸಲಿಯನ್ನೇ ಹೋಲುವ ನಕಲಿ ಸೈಟ್ ಇರಬಹುದು. ವಿಳಾಸ ಓದಿ, ತಯಾರಿಸಿದವರ ಸೈಟಿನಿಂದಲೇ ಇಳಿಸಿಕೊಳ್ಳಿ. ಅನುಮಾನ ಬಂದರೆ ಫೈಲ್ ತೆರೆಯುವ ಮೊದಲು ವೈರಸ್‌ಟೋಟಲ್‌ಗೆ ಹಾಕಿ ನೋಡಿ, ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಆದರೆ ಗುಟ್ಟಿನ ದಾಖಲೆಗಳನ್ನು ಅಲ್ಲಿಗೂ ಹಾಕಬೇಡಿ. ಪಿಡಿಎಫ್ ಜೋಡಿಸುವ, ಕುಗ್ಗಿಸುವ ಆನ್‌ಲೈನ್ ಸೈಟ್‌ಗಳಿಗೂ ಇದೇ ಮಾತು. ಗುರುತಿನ ಚೀಟಿ, ಬ್ಯಾಂಕ್ ಕಾಗದ ಇದ್ದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ಮಾಡುವ ಪಿಡಿಎಫ್‌ಸ್ಯಾಮ್ ಬೇಸಿಕ್ ಬಳಸಿ. ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್ ಅಥವಾ ಕೀಪಾಸ್. ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್, ಜೊತೆಗೆ ತೀರಾ ಮುಖ್ಯವಾದದ್ದಕ್ಕೆ ಕ್ಲೌಡ್. ಗೂಗಲ್ 15 ಜಿಬಿ ಉಚಿತ ಕೊಡುತ್ತದೆ, ಆದರೆ ಅದು ಮೇಲ್, ಫೋಟೋ, ಡ್ರೈವ್ ಮೂರಕ್ಕೂ ಸೇರಿ.

ಕಲಿಯುವ ಜಾಗಗಳ ವಿಷಯಕ್ಕೆ ಬರುತ್ತೇನೆ. ನಿಮ್ಮಂಥವರಿಗೆ ನನ್ನ ಮೊದಲ ಆಯ್ಕೆ ಜಿಸಿಎಫ್ ಗ್ಲೋಬಲ್ ಎಂಬ ಕಲಿಕೆಯ ವೆಬ್‌ಸೈಟ್. ಹಣ ಬೇಡ, ಹೆಸರು ನೋಂದಾಯಿಸುವುದೂ ಬೇಡ. ವಿಂಡೋಸ್, ವರ್ಡ್, ಎಕ್ಸೆಲ್, ಗೂಗಲ್ ಶೀಟ್ಸ್, ಇಂಟರ್ನೆಟ್ ಸುರಕ್ಷತೆ ಎಲ್ಲದಕ್ಕೂ ಚಿತ್ರಸಹಿತ ಚಿಕ್ಕ ಪಾಠಗಳಿವೆ. ಇಂಗ್ಲಿಷ್ ಸರಳವಾಗಿದೆ. ಕನ್ನಡದಲ್ಲೇ ಕೇಳಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿಬ್ರೆಆಫೀಸ್‌ನಂಥ ಸಾಫ್ಟ್‌ವೇರ್‌ಗಳ ಪುಟ್ಟ ಪಾಠಗಳು ಕನ್ನಡ ಧ್ವನಿಯಲ್ಲಿ ಸಿಗುತ್ತವೆ. ಪಕ್ಕದಲ್ಲೇ ಸಾಫ್ಟ್‌ವೇರ್ ತೆರೆದುಕೊಂಡು ಜೊತೆಜೊತೆಗೆ ಮಾಡಲೆಂದೇ ಅವನ್ನು ರೂಪಿಸಿದ್ದಾರೆ. ಎಕ್ಸೆಲ್ ಒಳಗೇ ಒಂದು ಪಾಠಶಾಲೆ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಫೈಲ್, ನ್ಯೂ ಒತ್ತಿ, ಟೆಂಪ್ಲೇಟ್‌ಗಳಲ್ಲಿ "ಟ್ಯುಟೋರಿಯಲ್" ಎಂದು ಹುಡುಕಿ. ಫಾರ್ಮುಲಾ, ಪಿವಟ್ ಟೇಬಲ್ (ದೊಡ್ಡ ಪಟ್ಟಿಯನ್ನು ಗುಂಪು ಮಾಡಿ ಸಾರಾಂಶ ಕೊಡುವ ಕೋಷ್ಟಕ) ಕಲಿಸುವ ಶೀಟ್‌ಗಳು ಬರುತ್ತವೆ, ಅದರಲ್ಲೇ ತಿದ್ದಿ ಕಲಿಯಬಹುದು. ಲಿಬ್ರೆಆಫೀಸ್‌ನ ಪೂರ್ಣ ಕೈಪಿಡಿಗಳೂ ಪಿಡಿಎಫ್ ಆಗಿ ಉಚಿತ. ಟೈಪಿಂಗ್ ನಿಧಾನವಾಗಿದ್ದರೆ ಕೀಬ್ರ್ ಅಥವಾ ಟೈಪಿಂಗ್‌ಕ್ಲಬ್‌ನಲ್ಲಿ ದಿನಾ ಹತ್ತು ಹದಿನೈದು ನಿಮಿಷ ಕೂರಿ. ಕೀಬೋರ್ಡ್ ನೋಡದೆ ಹೊಡೆಯಲು ಬಂದರೆ ಉಳಿದ ಎಲ್ಲ ಕೆಲಸವೂ ತಾನಾಗಿ ಹಗುರ ಆಗುತ್ತದೆ.

ವಿಡಿಯೋ ನೆನಪಿರುವುದಿಲ್ಲ ಎಂದಿರಿ. ನೋಡುವುದು ಹಿತವಾಗಿರುತ್ತದೆ, ಕೈ ಮಾತ್ರ ಏನೂ ಮಾಡಿರುವುದಿಲ್ಲ. ನಿಮ್ಮ ನಿಜವಾದ ಆಫೀಸ್ ಫೈಲ್‌ನ ಒಂದು ಪ್ರತಿ ಮಾಡಿ, ಹೆಸರು-ಸಂಖ್ಯೆಗಳನ್ನು ಸುಳ್ಳು ಮಾಡಿ, "ಅಭ್ಯಾಸ" ಎಂಬ ಫೋಲ್ಡರ್‌ನಲ್ಲಿಡಿ. ವಿಡಿಯೋ ಎಡಕ್ಕೆ, ಫೈಲ್ ಬಲಕ್ಕೆ. ಅವರು ಕ್ಲಿಕ್ ಮಾಡುವ ಮುಂಚೆಯೇ ನಿಲ್ಲಿಸಿ, ಮುಂದೆ ಎಲ್ಲಿ ಒತ್ತುತ್ತಾರೆ ಅಂತ ಊಹಿಸಿ ನೀವೇ ಮಾಡಿ ನೋಡಿ. ಊಹೆ ತಪ್ಪಿದ ಹೆಜ್ಜೆಯೇ ಆಮೇಲೆ ಜಾಸ್ತಿ ನೆನಪಿರುತ್ತದೆ. ಯೂಟ್ಯೂಬ್‌ನಲ್ಲಿ ಕೆ ಒತ್ತಿದರೆ ನಿಲ್ಲುತ್ತದೆ, ಜೆ ಒತ್ತಿದರೆ ಹತ್ತು ಸೆಕೆಂಡ್ ಹಿಂದೆ, ಎಲ್ ಒತ್ತಿದರೆ ಹತ್ತು ಸೆಕೆಂಡ್ ಮುಂದೆ ಹೋಗುತ್ತದೆ. ಮರುದಿನ ವಿಡಿಯೋ ತೆರೆಯದೆ ಅದೇ ಕೆಲಸ ಮಾಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಷ್ಟು ಭಾಗ ಮಾತ್ರ ಮತ್ತೆ ನೋಡಿ.

ಹುಡುಕುವಾಗ ಸಾಫ್ಟ್‌ವೇರ್ ಹೆಸರು, ಆವೃತ್ತಿ, ಆಮೇಲೆ ಕೆಲಸ, ಈ ಮೂರೂ ಬರಲಿ. ಮೆನು ಇಂಗ್ಲಿಷ್‌ನಲ್ಲಿದ್ದರೆ ಹುಡುಕಾಟವೂ ಇಂಗ್ಲಿಷ್‌ನಲ್ಲಿ ಇದ್ದರೆ ಒಳ್ಳೆಯದು. ಎರರ್ ಬಂದರೆ ಆ ವಾಕ್ಯವನ್ನು ಹಾಗೇ ಉದ್ಧರಣ ಚಿಹ್ನೆಯೊಳಗೆ ಹಾಕಿ. ಚಾಟ್‌ಜಿಪಿಟಿಯಂಥವನ್ನು ಕೇಳಬಹುದು, ಫಾರ್ಮುಲಾ ಬರೆಸಲು ಅವು ಚೆನ್ನಾಗಿವೆ. ಆದರೆ ಇಲ್ಲದ ಮೆನುವಿನ ಹೆಸರನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತವೆ. ಅಭ್ಯಾಸದ ಫೈಲ್ ಮೇಲೆ ಪರೀಕ್ಷಿಸಿ ಆಮೇಲೆ ನಿಜವಾದದ್ದಕ್ಕೆ ಕೈಹಾಕಿ. ಆಫೀಸಿನ ಮಾಹಿತಿಯನ್ನು ಅಲ್ಲಿ ಅಂಟಿಸಬೇಡಿ.

ಸರ್ಟಿಫಿಕೇಟ್ ಬೇಕಾಗುವುದು ಯಾರಾದರೂ ಅದನ್ನು ಕೇಳುವಾಗ. ಹೊಸ ಕೆಲಸಕ್ಕೋ ಬಡ್ತಿಗೋ ನಿರ್ದಿಷ್ಟವಾಗಿ ಕೇಳಿದ್ದಾರೆಂದರೆ, ಯಾವ ಪರೀಕ್ಷೆ ಅಂತ ಅವರನ್ನೇ ಕೇಳಿಕೊಂಡು ಅದಕ್ಕೆ ಕಟ್ಟಿ. ಇಲ್ಲದಿದ್ದರೆ ಆ ದುಡ್ಡು ಎಸ್‌ಎಸ್‌ಡಿಗೆ ಹೋಗಲಿ.

ಪೈಥಾನ್ ಒಳ್ಳೆಯದೇ, ಆದರೆ ಅದಕ್ಕೂ ಮುಂಚೆ ಎಕ್ಸೆಲ್‌ನಲ್ಲೇ ಪವರ್ ಕ್ವೆರಿ ಇದೆ, 2016ರ ಆವೃತ್ತಿಯಿಂದ ಡೇಟಾ ಟ್ಯಾಬ್‌ನಲ್ಲಿ ಸಿಗುತ್ತದೆ. ಪ್ರತಿ ವಾರ ಒಂದು ವರದಿ ಬರುತ್ತದೆ, ಮೇಲಿನ ಮೂರು ಸಾಲು ಅಳಿಸಬೇಕು, ಎರಡು ಕಾಲಂ ತೆಗೆಯಬೇಕು, ತಾರೀಖು ಸರಿ ಮಾಡಬೇಕು ಅಂದುಕೊಳ್ಳಿ. ಇದನ್ನು ಪವರ್ ಕ್ವೆರಿಯಲ್ಲಿ ಒಮ್ಮೆ ಮೌಸ್‌ನಿಂದಲೇ ಮಾಡಿ ತೋರಿಸಿದರೆ ಅದು ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ವಾರ ಹೊಸ ಫೈಲನ್ನು ಅದೇ ಹೆಸರಲ್ಲಿ ಅದೇ ಜಾಗದಲ್ಲಿಟ್ಟು "ರಿಫ್ರೆಶ್" ಒತ್ತಿದರೆ ಸಾಕು. ಅಲ್ಲಿಗೂ ಬಗ್ಗದ ಕೆಲಸ ಹಾಳೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಆಗ ಪೈಥಾನ್ ಹಿಡಿಯಿರಿ. ಹಾರ್ವರ್ಡ್‌ನ ಸಿಎಸ್ 50 ಸರಣಿಯಲ್ಲಿ ಪೈಥಾನ್‌ಗೆಂದೇ ಒಂದು ಕೋರ್ಸ್ ಇದೆ, ಪಾಠ, ಅಭ್ಯಾಸ ಎರಡೂ ಉಚಿತ. ಫ್ರೀಕೋಡ್‌ಕ್ಯಾಂಪ್‌ನಲ್ಲೂ ಕಲಿಯಬಹುದು. ಆಗ ನಿಮ್ಮ ಹಾಳೆಯಲ್ಲಿರುವ ಆ ಕೆಲಸವನ್ನೇ ಮೊದಲ ಪ್ರೋಗ್ರಾಂ ಮಾಡಿಕೊಳ್ಳಿ.